ಒಂದು ಗೇಣಿನ ತಪ್ಪು

ವೆಂಕಟರವಣಪ್ಪ ರೆಫರಿಯಾಗಿ ಹೊರಟನೆಂದರೆ ಎಡಜೇಬಿನಲ್ಲಿ ಸೀಟಿ, ಬಲಜೇಬಿನಲ್ಲಿ ದಾರ. ಸೀಟಿ ಸ್ಕೂಲಿನದು, ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಅವನು ಡ್ರಿಲ್ ಮೇಷ್ಟ್ರು. ದಾರ ಅವನ ತಾಯಿ ಆಂಜಿನಮ್ಮ ಕೊಟ್ಟದ್ದು. ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕುದಿಯುವ ನೀರಿಗೆ ಬೆರಳು ಕೊಟ್ಟು, ಬೆರಳಿನ ಗೆರೆಗಳನ್ನೇ ಕಳೆದುಕೊಂಡಿದ್ದ ಆಕೆ, ಬಿಸಾಡುವ ಒರಟು ಎಳೆಗಳನ್ನು ಆಯ್ದು ತಂದು ಹೊಸೆದುಕೊಟ್ಟಿದ್ದಳು. ಸರಿಯಾಗಿ ಎಂಟು ಅಡಿ. ಒಂದು ತುದಿಗೆ ಗೋಲಿಯಷ್ಟು ಗಾತ್ರದ ಕಲ್ಲು.

ಆ ಸೀಮೆಯ ಬಯಲುಗಳಲ್ಲಿ ಫುಟ್‌ಬಾಲ್ ಗೋಲಿಗೆ ಮರದ ಅಡ್ಡಪಟ್ಟಿ ಎಲ್ಲಿಂದ ಬರಬೇಕು? ಎರಡು ಸರ್ವೆ ಕಂಬ ನೆಟ್ಟು, ಮೇಲೆ ಕತ್ತಾಳೆ ನಾರಿನ ಹಗ್ಗ ಕಟ್ಟುತ್ತಿದ್ದರು. ಆಟಕ್ಕೆ ಮುಂಚೆ ಹಗ್ಗಕ್ಕೆ ಒಂದು ಕೊಡ ನೀರು ಹುಯ್ಯುವುದು ವಾಡಿಕೆ. ಒದ್ದೆ ನಾರು ಬಿಗಿದು ಹಗ್ಗ ತಂತಿಯ ಹಾಗೆ ನೆಟ್ಟಗಾಗುತ್ತದೆ. ಅರ್ಧ ಆಟ ಮುಗಿದಾಗ ಮತ್ತೊಂದು ಕೊಡ. ಇಲ್ಲದಿದ್ದರೆ ಬಿಸಿಲಿಗೆ ಒಣಗಿ ಜೋತು ಬೀಳುತ್ತದೆ. ನೀರು ಹುಯ್ದಾದ ಮೇಲೆ ವೆಂಕಟರವಣಪ್ಪ ಬಾವುಟದ ಕೋಲಿನ ತುದಿಗೆ ತನ್ನ ದಾರ ಸಿಕ್ಕಿಸಿ, ಹಗ್ಗದ ನಡುಮಧ್ಯಕ್ಕೆ ಎತ್ತಿ ಹಿಡಿಯುತ್ತಿದ್ದ. ಕೆಳಗಿನ ಕಲ್ಲು ನೆಲಕ್ಕೆ ಸೋಕಿ ನಿಂತರೆ ಎಂಟು ಅಡಿ. ಆಮೇಲೆಯೇ ಸೀಟಿ.

ಸಾವಿರದ ಒಂಬೈನೂರ ಐವತ್ತೊಂಬತ್ತರ ಬೇಸಿಗೆಯ ಆ ಸಾಯಂಕಾಲ ಚಿಂತಾಮಣಿಯ ಕೆರೆಯಂಗಳದಲ್ಲಿ ಕಲ್ಲು ನೆಲ ಸೋಕಿತ್ತು. ಚಿಂತಾಮಣಿಗೂ ಗೌರಿಬಿದನೂರಿಗೂ ಕಪ್ಪಿನ ಪಂದ್ಯ. ಜನವೆಲ್ಲ ನೋಡಲು ಬಂದದ್ದು ಆಟಗಾರರನ್ನು. ಒಬ್ಬರು ಮಾತ್ರ ರೆಫರಿಯನ್ನು ನೋಡಲು ಬಂದಿದ್ದರು. ಅವರು ದಕ್ಷಿಣಾಮೂರ್ತಿ, ಚಿಕ್ಕಬಳ್ಳಾಪುರದ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಒಂದು ಕಾಲಕ್ಕೆ ದೊಡ್ಡ ರೆಫರಿ. ಬೆಂಗಳೂರಿನ ರೆಫರಿ ಮಂಡಳಿ ಅವರ ಕೈಗೆ ಒಂದು ಫಾರಮ್ಮು ಕೊಟ್ಟು ಕಳಿಸಿತ್ತು. ಓಟಕ್ಕೆ ಇಷ್ಟು, ತೀರ್ಪಿಗೆ ಇಷ್ಟು, ಆಟಗಾರರನ್ನು ಹಿಡಿತದಲ್ಲಿಡುವುದಕ್ಕೆ ಇಷ್ಟು. ನೂರಕ್ಕೆ ಎಪ್ಪತ್ತು ಬಂದರೆ ವೆಂಕಟರವಣಪ್ಪ ಬೆಂಗಳೂರಿನ ಲೀಗ್ ಪಂದ್ಯಗಳಿಗೆ ಸಂಭಾವನೆ ಪಡೆಯುವ ರೆಫರಿ. ಎಪ್ಪತ್ತು ಬರದಿದ್ದರೆ ಡ್ರಿಲ್ ಮೇಷ್ಟ್ರು, ಅಷ್ಟೆ.

ಅವನ ಕೇರಿಯಿಂದ ಇಂಥ ಫಾರಮ್ಮಿನ ಮೇಲೆ ಹೆಸರು ಬರೆಸಿಕೊಂಡವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಹೊಲಗೇರಿಯ ಹುಡುಗ ಮೇಷ್ಟ್ರಾದದ್ದನ್ನೇ ಊರು ಇನ್ನೂ ಅಗಿದು ಮುಗಿಸಿರಲಿಲ್ಲ.

ಮೊದಲರ್ಧದಲ್ಲಿ ಗೌರಿಬಿದನೂರಿನವರು ಒಂದು ಗೋಲು ಹೊಡೆದರು. ಅದಾದ ಸ್ವಲ್ಪ ಹೊತ್ತಿಗೆ ಚಿಂತಾಮಣಿಯ ಮುಂದಾಳು ಚನ್ನಕೇಶವನಿಗೂ ಎದುರು ತಂಡದ ಒಬ್ಬನಿಗೂ ಕೈಕೈ ಹತ್ತಿತು. ವೆಂಕಟರವಣಪ್ಪ ಓಡಿಹೋಗಿ ಮೂರು ಸಲ ಸೀಟಿ ಊದಿದ. ಊದಿದವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಇಬ್ಬರೂ ಅಂಗಿ ಹರಿದುಕೊಂಡರು. ಕೊನೆಗೆ ಲೈನ್ಸ್‌ಮನ್ ಕೋನಪ್ಪ ಓಡಿ ಬಂದು ಅವರನ್ನು ಬಿಡಿಸಿದ. ಹೊಂಗೆ ಮರದ ಕೆಳಗೆ ದಕ್ಷಿಣಾಮೂರ್ತಿಯವರ ಪೆನ್ಸಿಲ್ಲು ಏನನ್ನೋ ಬರೆಯಿತು. ಅದು ತನಗೆ ಒಳ್ಳೆಯದಲ್ಲ ಎಂದು ವೆಂಕಟರವಣಪ್ಪನಿಗೆ ದೂರದಿಂದಲೇ ಗೊತ್ತಾಯಿತು.

ಅರ್ಧ ಆಟ ಮುಗಿಯಿತು. ನೀರಿನ ಕೊಡಗಳು ಅದೇ ಮರದ ಕೆಳಗಿದ್ದವು, ಕಪ್ಪು ಕೊಟ್ಟ ಜಮೀನ್ದಾರ ನರಸಿಂಹಪ್ಪನ ಕುರ್ಚಿಯ ಪಕ್ಕದಲ್ಲಿ. ಆಟಗಾರರು ಕುಡಿದರು, ಮುಖ ತೊಳೆದರು, ಕಾಲು ತೊಳೆದರು. ಜಗಳದ ಬಿಸಿಯಲ್ಲಿ ಹಗ್ಗದ ಕೊಡ ಯಾರಿಗೂ ನೆನಪಾಗಲಿಲ್ಲ. ವೆಂಕಟರವಣಪ್ಪನಿಗೆ ನೆನಪಾಯಿತು. "ಹಗ್ಗಕ್ಕೆ ನೀರು ಹುಯ್ಯಿರಿ" ಅಂದರೆ ಮುಗಿಯುವ ಮಾತು. ಆದರೆ ಅವನು ಮೂವತ್ತು ವರ್ಷದಲ್ಲಿ ಕೇರಿಯಾಚೆ ಯಾರನ್ನೂ ನೀರು ಕೇಳಿದವನಲ್ಲ. ಕೇಳಬಾರದು ಎಂದು ಅವನಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಪಾಠ ಹೇಳುತ್ತಾರೆಯೇ? ಅವನ ಕಾಲು ಆ ಮರದ ಕಡೆ ನಾಲ್ಕು ಹೆಜ್ಜೆ ಹಾಕಿತು, ನಿಂತಿತು, ತಿರುಗಿತು. ಇನ್ನು ಮೂವತ್ತೈದೇ ನಿಮಿಷ, ಹಗ್ಗ ತಡೆದುಕೊಳ್ಳುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡ.

ಆಟ ಮುಗಿಯಲು ಎರಡು ನಿಮಿಷವಿದ್ದಾಗ ಚನ್ನಕೇಶವ ಬರಿಗಾಲಲ್ಲಿ ಒದ್ದ ಚೆಂಡು ಗೋಲ್‌ಕೀಪರನ ಬೆರಳು ತಪ್ಪಿಸಿ, ಹಗ್ಗದ ನಡುವೆ, ಕೂದಲೆಳೆಯಷ್ಟು ಮೇಲೆ ಹಾದುಹೋಯಿತು. ಜನ "ಗೋಲ್!" ಎಂದು ಎದ್ದರು. ವೆಂಕಟರವಣಪ್ಪ ಕೈ ಅಡ್ಡ ಆಡಿಸಿದ. ಹಗ್ಗದ ಮೇಲೆ. ಗೋಲಲ್ಲ. ಪಂದ್ಯ ಗೌರಿಬಿದನೂರಿನದಾಯಿತು.

ನರಸಿಂಹಪ್ಪ ಕುರ್ಚಿಯಿಂದ ಎದ್ದು ಪಂಚೆ ಎತ್ತಿ ಕಟ್ಟಿ ಬಂದ. ಚನ್ನಕೇಶವ ಅವನ ಅಕ್ಕನ ಮಗ.

"ಏಮ್ರಾ, ಕಣ್ಣು ಎಲ್ಲಿಟ್ಟಿದ್ದೆ?"

"ಚೆಂಡು ಹಗ್ಗದ ಮೇಲೆ ಹೋಯ್ತು ಯಜಮಾನ್ರೇ."

"ಹೊಲಗೇರಿಯೋನ ಬಾಯಿಗೆ ವಿಷಲ್ ಕೊಟ್ರೆ ಇನ್ನೇನಾಗ್ತದೆ! ತಮಟೆ ಕೊಟ್ಟಿದ್ರೆ ಸರಿಯಾಗಿ ಬಾರಿಸ್ತಿದ್ದ." ಸುತ್ತ ನಿಂತವರು ನಕ್ಕರು. ನರಸಿಂಹಪ್ಪ ದಕ್ಷಿಣಾಮೂರ್ತಿಯವರ ಕಡೆ ತಿರುಗಿದ. "ಸ್ವಾಮೀ, ಬರ್ಕೊಳ್ಳಿ. ಇವ್ರ ಕೈಲಿ ಆಗಲ್ಲ ಅಂತ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ."

ದಕ್ಷಿಣಾಮೂರ್ತಿ ಕನ್ನಡಕ ಒರೆಸಿಕೊಂಡರು. "ಚೆಂಡು ಹಗ್ಗದ ಮೇಲೆ ಹೋದದ್ದನ್ನ ನಾನೂ ನೋಡಿದೆ. ತೀರ್ಪು ಸರಿಯಾಗಿದೆ."

ಬೈಗುಳ ಹಾಗೆಯೇ ಪೇಟೆಯ ಕಡೆಗೆ ನಡೆದುಹೋಯಿತು. ಬಯಲು ಖಾಲಿಯಾಯಿತು. ಕಂಬ ಕೀಳಲು ಬಂದ ಕೋನಪ್ಪನಿಗೆ ವೆಂಕಟರವಣಪ್ಪ, "ಇರಪ್ಪ, ಒಂದ್ನಿಮಿಷ" ಎಂದ. ಕೋಲಿಗೆ ದಾರ ಸಿಕ್ಕಿಸಿ ಹಗ್ಗದ ನಡುಮಧ್ಯಕ್ಕೆ ಎತ್ತಿದ.

ಕಲ್ಲು ನೆಲಕ್ಕೆ ಸೋಕಿ ನಿಲ್ಲಲಿಲ್ಲ. ಮಲಗಿತು. ಅದರ ಜೊತೆ ಒಂದು ಗೇಣು ದಾರವೂ ಕೆರೆಯ ಬಿರುಕು ಮಣ್ಣಿನ ಮೇಲೆ ಸುಮ್ಮನೆ ಮಲಗಿತು.

ಅವನು ಅದನ್ನೇ ನೋಡುತ್ತ ನಿಂತ. ಒಂದು ಗೇಣು ಹಗ್ಗ ಇಳಿದಿದೆ. ಚೆಂಡು ಹಗ್ಗದ ಮೇಲೆ ಹೋದದ್ದು ಕೂದಲೆಳೆ. ನಿಯಮದ ಪುಸ್ತಕ ಅವನಿಗೆ ಬಾಯಿಪಾಠ: ಅಡ್ಡಪಟ್ಟಿ ಜಾಗ ಬಿಟ್ಟು ಸರಿದಿದ್ದರೆ, ಅದು ಎಲ್ಲಿರಬೇಕಾಗಿತ್ತೋ ಆ ಎತ್ತರವನ್ನೇ ಹಿಡಿದು ರೆಫರಿ ತೀರ್ಪು ಕೊಡಬೇಕು. ಆ ಹುಡುಗ ಹೊಡೆದದ್ದು ಗೋಲು.

ಕೋನಪ್ಪನಿಗೂ ಅರ್ಥವಾಯಿತು. ಅವನು ಅತ್ತ ಇತ್ತ ನೋಡಿ ದಾರವನ್ನು ಮುದುರಿ ಗೆಳೆಯನ ಜೇಬಿಗೆ ತುರುಕಿದ. "ಬಾಯಿ ಮುಚ್ಕೊಂಡಿರು ಕಣೋ. ಆ ಅಯ್ನೋರು ಸರಿ ಅಂತ ಬರ್ದವ್ರೆ. ನೀನೇ ಹೋಗಿ ಹೇಳಿದ್ರೆ, ನೋಡಿ, ನಾನು ಹೇಳ್ಲಿಲ್ವಾ ಅಂತ ನರಸಿಂಹಪ್ಪ ಏಳು ಊರಿಗೆ ಡಂಗೂರ ಹೊಡೆಸ್ತಾನೆ."

ಕೋನಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಸಂಕಟ.

ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸನ್ನು ರೆಫರಿ, ಪರೀಕ್ಷಕರು ಇಬ್ಬರೂ ಹತ್ತಿದರು. ದಕ್ಷಿಣಾಮೂರ್ತಿ ಕಿಟಕಿಯ ಪಕ್ಕ ಕೂತು, ಜೊತೆಯ ಜಾಗವನ್ನು ತಟ್ಟಿ ತೋರಿಸಿದರು. ವೆಂಕಟರವಣಪ್ಪ ಅಂಚಿನಲ್ಲಿ ಕೂತ, ಮೈ ತಗಲದ ಹಾಗೆ. ಬಸ್ಸು ತರಕಾರಿ ಮಂಕರಿ, ರೇಷ್ಮೆ ಗೂಡಿನ ತಟ್ಟಿಗಳ ನಡುವೆ ಕುಲುಕುತ್ತ ಹೊರಟಿತು. ಶಿಡ್ಲಘಟ್ಟ ಬಂದರೆ ಅವನು ಇಳಿಯಬೇಕು. ಅಷ್ಟರೊಳಗೆ ಹೇಳಬೇಕು, ಇಲ್ಲವೇ ಎಂದೂ ಹೇಳಬಾರದು.

"ಎಪ್ಪತ್ತೆರಡು" ಎಂದರು ದಕ್ಷಿಣಾಮೂರ್ತಿ, ಅವರಾಗಿಯೇ. ಮುಖದಲ್ಲಿ ಸಣ್ಣ ನಗೆ. "ಮುಂಚೆ ಹೇಳಬಾರದು. ಆದರೂ ಹೇಳ್ತಿದ್ದೀನಿ. ಮನೇಲಿ ತಾಯಿಗೆ ತಿಳಿಸಿ."

ಮೂರನೇ ಮೈಲಿಗೆ ವೆಂಕಟರವಣಪ್ಪ ಜೇಬಿನಿಂದ ದಾರ ತೆಗೆದು ಅವರ ಮಡಿಲಿನ ಫಾರಮ್ಮಿನ ಮೇಲಿಟ್ಟ.

"ಸಾರ್, ಆ ಗೋಲು ಗೋಲೇ. ಹಗ್ಗ ಒಂದು ಗೇಣು ಇಳಿದಿತ್ತು. ಆಮೇಲೆ ಅಳೆದೆ."

ದಕ್ಷಿಣಾಮೂರ್ತಿ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅರ್ಧ ಆಟಕ್ಕೆ ಯಾಕೆ ಅಳೀಲಿಲ್ಲ?"

"ಅಳೆದ್ರೆ ನೀರು ಕೇಳ್ಬೇಕಾಗಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ."

ಮೇಷ್ಟ್ರಿಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಅವರು ಕಿಟಕಿಯಾಚೆ ನೋಡಿದರು. ಆಮೇಲೆ ದಾರ ಮಡಚಿ ಅವನ ಕೈಗೆ ಕೊಡಲು ಬಂದರು. "ಇದು ನಮ್ಮಿಬ್ಬರಲ್ಲೇ ಇರಲಿ ಬಿಡಿ. ನೀವು ಎಷ್ಟು ದೂರದಿಂದ ಬಂದಿದ್ದೀರಿ ಅಂತ ನನಗೆ ಗೊತ್ತಿದೆ."

"ಬೇಡ ಸಾರ್." ದನಿ ಏರಿದ್ದು ಅವನಿಗೇ ಕೇಳಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಅವನು ದನಿ ಇಳಿಸಿದ, ಮಾತು ಇಳಿಸಲಿಲ್ಲ. "ಬೇರೆಯೋರು ತಪ್ಪು ಮಾಡಿದ್ರೆ ಅದು ಅವರದು. ಮಾರನೇ ದಿನಕ್ಕೆ ಮರ್ತೇ ಹೋಗ್ತದೆ. ನಾನು ಮಾಡಿದ್ರೆ ಅದು ಇಡೀ ಕೇರಿ ತಪ್ಪು. ನರಸಿಂಹಪ್ಪ ಬೈದದ್ದು ನನ್ನನ್ನಲ್ಲ ಸಾರ್, ನಮ್ಮವ್ವನ್ನ, ನಮ್ಮಜ್ಜನ್ನ. ಅವನಿಗೆ ಹಗ್ಗ ಇಳಿದಿದ್ದೂ ಗೊತ್ತಿರ್ಲಿಲ್ಲ! ಈಗ ನೀವು ಅಯ್ಯೋ ಪಾಪ ಅಂತ ಬಿಟ್ರೆ, ಅದೂ ಕೇರಿಗೇ ಬಿಟ್ಟಂಗೆ. ನನ್ನ ತಪ್ಪು ನನಗೇ ಬೇಕು ಸಾರ್. ಈ ತಪ್ಪಿಗೆ ಬೇರೆ ಯಾರಿಗಾದ್ರೂ ಎಷ್ಟು ಕಳೀತಿದ್ರೋ ಅಷ್ಟೇ ಕಳೀರಿ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಬಸ್ಸು ಒಂದು ಹಳ್ಳಿಯ ಮುಂದೆ ನಿಂತು, ಯಾರನ್ನೋ ಇಳಿಸಿ, ಮತ್ತೆ ಹೊರಟಿತು. ದಕ್ಷಿಣಾಮೂರ್ತಿ ಪೆನ್ಸಿಲ್ಲನ್ನು ತುಟಿಗೆ ಒತ್ತಿಕೊಂಡು ಕೂತಿದ್ದರು.

"ನಾನು ರೆಫರಿಯಾಗಿದ್ದಾಗ," ಎಂದರು, "ಒಂದು ಸಲ ಗಡಿಯಾರ ತಪ್ಪಾಗಿ ನೋಡಿ ಐದು ನಿಮಿಷ ಮುಂಚೆ ಆಟ ಮುಗಿಸಿಬಿಟ್ಟೆ. ಎಲ್ಲರೂ ನಕ್ಕರು. ಮೇಷ್ಟ್ರಿಗೆ ಮನೇಲಿ ಬಿಸಿ ಬಿಸಿ ಹುಳಿ ಕಾಯ್ತಿತ್ತು ಅಂತ. ಅಷ್ಟೇ. ನನ್ನ ಜಾತಿ ಯಾರೂ ಎತ್ತಲಿಲ್ಲ. ಅದು ಎಷ್ಟು ದೊಡ್ಡ ಸುಖ ಅಂತ ಇವತ್ತಿನವರೆಗೂ ನನಗೆ ಹೊಳೆದೇ ಇರಲಿಲ್ಲ."

ಅವರು ಫಾರಮ್ಮು ಬಿಡಿಸಿದರು. "ತೀರ್ಪಿಗೆ ನಾಲ್ಕು ಹೋಯಿತು. ಬಯಲಿನ ತಪಾಸಣೆಗೆ ಮೂರು. ಇದು ಎಲ್ಲರಿಗೂ ಕಳೆಯೋ ಲೆಕ್ಕವೇ." ಎಪ್ಪತ್ತೆರಡನ್ನು ಹೊಡೆದು ಅರವತ್ತೈದು ಎಂದು ಬರೆದರು. ಬರೆದವರು ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಸಾಲಿನ ಮೇಲೆ ಪೆನ್ಸಿಲ್ಲಿಟ್ಟರು. "ಆ ಹುಡುಗರು ಹೊಡೆದಾಡುವಾಗ ನೀವು ಕೈ ಕಟ್ಟಿಕೊಂಡು ನಿಂತಿರಿ. ಅಂಜುಕುಳಿ ಅಂದುಕೊಂಡು ನಾಲ್ಕು ಕಳೆದಿದ್ದೆ. ಯಾಕೆ ನಿಂತಿರಿ?"

"ನಾನು ಮುಟ್ಟಿದ್ರೆ ಜಗಳ ನಿಲ್ತಿರ್ಲಿಲ್ಲ ಸಾರ್. ಮ್ಯಾಚೇ ನಿಲ್ತಿತ್ತು."

ದಕ್ಷಿಣಾಮೂರ್ತಿ ರಬ್ಬರು ತೆಗೆದು ಉಜ್ಜಿದರು. ಕಾಗದ ಸವೆಯುವಷ್ಟು ಉಜ್ಜಿದರು. "ಇದು ದಯೆ ಅಂತ ತಿಳೀಬೇಡಿ. ನನ್ನ ತಪ್ಪು. ನೋಡಿದ್ದು ಸರಿ, ಓದಿದ್ದು ತಪ್ಪು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಓದೋದು ಕಲಿಸಿದವನು."

ಅರವತ್ತೊಂಬತ್ತು.

ಇಬ್ಬರೂ ಆ ಅಂಕಿಯನ್ನು ನೋಡಿದರು. ಪೆನ್ಸಿಲ್ಲಿನ ಮೊನೆ ಅದರ ಸುತ್ತ ಒಂದು ಸಲ ಸುಳಿಯಿತು. ಅದರ ಮೇಲೆ ಇನ್ನೊಂದು ಮಾರ್ಕು ಎಷ್ಟರ ಮಾತು!

"ಬೇಡ ಸಾರ್" ಎಂದ ವೆಂಕಟರವಣಪ್ಪ, ಮೆಲ್ಲಗೆ. ಈ ಸಲ ಅವನೂ ನಕ್ಕ.

ದಕ್ಷಿಣಾಮೂರ್ತಿ ಕೆಳಗೆ ಬರೆದರು: ಇನ್ನೊಂದು ಪಂದ್ಯದಲ್ಲಿ ನೋಡಬೇಕು. ಶಿಡ್ಲಘಟ್ಟ ಬಂದಿತ್ತು. ಅವನು ಇಳಿಯುವಾಗ ಅವರು ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಮುಗಿದ ಪಂದ್ಯದ ಗೋಲು ವಾಪಸು ಬರಲ್ಲ. ಆದರೆ ಹೊಡೆದ ಹುಡುಗ ಒಬ್ಬನಿದ್ದಾನೆ. ಅವನಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು."

ಆಂಜಿನಮ್ಮ ಒಲೆ ಮುಂದೆ ಕೂತಿದ್ದಳು. ಮಗನ ಮುಖ ನೋಡಿ, "ಪಾಸೋ ಫೇಲೋ?" ಎಂದಳು.

"ಒಂದು ಮಾರ್ಕು ಕಮ್ಮಿ ಕಣವ್ವ." ಎಲ್ಲವನ್ನೂ ಹೇಳಿದ. ಅವಳು ಮುದ್ದೆ ಕಟ್ಟುತ್ತ ಕೇಳಿದಳು. ನರಸಿಂಹಪ್ಪನ ಮಾತು ಬಂದಾಗ ಕೋಲನ್ನು ಒಲೆಯ ಮಗ್ಗುಲಿಗೆ ಕುಟ್ಟಿದಳು.

"ಒದ್ದೇಲಿ ಅಳೆದಿದ್ದು ಒಂದಳತೆ, ಒಣಗಿದ ಮೇಲೆ ಒಂದಳತೆ. ನೂಲಿನ ಮನೇಲಿ ಎಂಟು ವರ್ಷದ ಹುಡುಗೀನ ಕೇಳಿದ್ರೂ ಹೇಳ್ತಾಳೆ" ಎಂದಳು ಕೊನೆಗೆ. "ಮೇಷ್ಟ್ರಂತೆ ಮೇಷ್ಟ್ರು! ಉಣ್ಣು, ಆರೋಗ್ತದೆ." ತಟ್ಟೆ ಮುಂದಿಟ್ಟು, ಆ ಗೆರೆಯಿಲ್ಲದ ಬೆರಳುಗಳಿಂದ ಅವನ ಕಿವಿಯ ಹಿಂದಿನ ಕೆರೆ ಮಣ್ಣು ಒರೆಸಿದಳು.

ತಿಂಗಳು ಕಳೆಯಿತು. ಇನ್ನೊಂದು ಪಂದ್ಯ ಗೌರಿಬಿದನೂರಿನಲ್ಲಿ; ಅವೇ ಎರಡು ತಂಡ, ಅದೇ ಕತ್ತಾಳೆ ಹಗ್ಗ. ಆಟಕ್ಕೆ ಮುಂಚೆ ವೆಂಕಟರವಣಪ್ಪ ಕಾಲಿಗೆ ಬಟ್ಟೆಪಟ್ಟಿ ಸುತ್ತಿಕೊಳ್ಳುತ್ತಿದ್ದ ಚನ್ನಕೇಶವನ ಬಳಿ ಹೋಗಿ ನಿಂತ.

"ಅವತ್ತಿನ ನಿನ್ನ ಗೋಲು ಗೋಲೇ. ಹಗ್ಗ ಇಳಿದಿತ್ತು. ತಪ್ಪು ನಂದು."

ಚನ್ನಕೇಶವ ಪಟ್ಟಿ ಬಿಟ್ಟು ಬಾಯಿ ತೆರೆದ. ಹದಿನೈದು ಪಂದ್ಯ ಆಡಿದವನು. ತಪ್ಪು ನಂದು ಎಂದ ರೆಫರಿಯನ್ನು ಕಂಡಿರಲಿಲ್ಲ. ತಪ್ಪು ನಂದು ಎಂದ ದೊಡ್ಡವರನ್ನೇ ಕಂಡಿರಲಿಲ್ಲ. "ಅದೇನೋ ಸರಿ, ನಮ್ಮ ಮಾಮಂಗೆ ಮಾತ್ರ ಹೇಳ್ಬೇಡಿ ಸಾರ್," ಎಂದ ಕೊನೆಗೆ, "ಊರೆಲ್ಲ ಕುಣಿದಾಡ್ತಾನೆ." ಆ "ಸಾರ್" ಅವನ ಬಾಯಿಂದ ತಾನಾಗಿ ಬಂದಿತ್ತು.

ಅರ್ಧ ಆಟಕ್ಕೆ ಸೀಟಿ ಊದಿದ ವೆಂಕಟರವಣಪ್ಪ ನೇರವಾಗಿ ನೀರಿನ ಕೊಡಗಳ ಕಡೆ ನಡೆದ. "ಹಗ್ಗಕ್ಕೆ ನೀರು ಬೇಕು" ಎಂದ. ಯಾರೂ ಮಿಸುಕಲಿಲ್ಲ. ನೀರು ಹೊತ್ತು ತಂದಿದ್ದ ಓಬಳಮ್ಮ ಒಮ್ಮೆ ಕೊಡವನ್ನೂ ಒಮ್ಮೆ ಊರಿನ ಯಜಮಾನರನ್ನೂ ನೋಡಿದಳು. "ಆಟ ನಿಂತಿದೆ" ಎಂದ ಅವನು ಇನ್ನೂ ಗಟ್ಟಿಯಾಗಿ. "ಹಗ್ಗ ಬಿಗಿಯೋವರೆಗೂ ಶುರು ಮಾಡಲ್ಲ." ಅವರು ಒಪ್ಪಲಿ ಎಂದು ಅವನು ಕಾಯಲಿಲ್ಲ. ತಾನೇ ಬಗ್ಗಿ ಒಂದು ಕೊಡ ಎತ್ತಿ ಹೆಗಲಿಗಿಟ್ಟ. ಗುಂಪಿನಲ್ಲಿ ಯಾರೋ "ಏಯ್" ಎಂದರು. ದಕ್ಷಿಣಾಮೂರ್ತಿ ಕುರ್ಚಿಯಿಂದ ಏಳಲಿಲ್ಲ, ಬಾಯಿ ಬಿಡಲಿಲ್ಲ. ಅದು ಅವರ ಆಟವಲ್ಲ. ಕಂಬದ ಹತ್ತಿರ ಕಲ್ಲಿನ ಮೇಲೆ ನಿಂತು ವೆಂಕಟರವಣಪ್ಪ ನೀರನ್ನು ಹಗ್ಗದ ಉದ್ದಕ್ಕೂ ಎರಚಿದ. ಅರ್ಧ ಹಗ್ಗದ ಮೇಲೆ, ಅರ್ಧ ಅವನ ತಲೆಯ ಮೇಲೆ. ಎರಡನೇ ಕೊಡವನ್ನು ಚನ್ನಕೇಶವ ತಂದು ಕೈಗೆ ಕೊಟ್ಟ.

ದಾರ ಎತ್ತಿ ಹಿಡಿದ. ಕಲ್ಲು ನೆಲ ಸೋಕಿತು. ಸೀಟಿ.

ಆಮೇಲೆ ಜಗಳವೂ ಬಂತು, ಬರಲೇಬೇಕಿತ್ತು. ಚನ್ನಕೇಶವನ ಕಾಲಿಗೆ ಯಾರೋ ಅಡ್ಡಗಾಲು ಕೊಟ್ಟರು, ಅವನು ಮುಷ್ಟಿ ಎತ್ತಿದ. ಒದ್ದೆ ಅಂಗಿಯ ರೆಫರಿ ಓಡಿ ಬಂದು ಇಬ್ಬರ ನಡುವೆ ನುಗ್ಗಿ, ಒಂದು ಅಂಗೈಯನ್ನು ಆ ಎದೆಗೆ, ಒಂದು ಅಂಗೈಯನ್ನು ಈ ಎದೆಗೆ ಒತ್ತಿ ನಿಂತ. ಚನ್ನಕೇಶವ ತನ್ನ ಎದೆಯ ಮೇಲಿನ ಕೈಯನ್ನು ನೋಡಿದ, ಕೈಯ ಒಡೆಯನನ್ನು ನೋಡಿದ, ಮುಷ್ಟಿ ಬಿಚ್ಚಿದ. "ಫ್ರೀ ಕಿಕ್ಕು ಕೊಡಿ ಸಾರ್, ಹೊಡೀತೀನಿ" ಎಂದ. ಕೊಟ್ಟ. ಹೊಡೆದ. ಹಗ್ಗದ ಮೇಲೆ ಹೋಯಿತು. ಈ ಸಲ ಯಾರೂ ಗೋಲೆಂದು ಕೂಗಲಿಲ್ಲ.

ಹತ್ತು ದಿನದ ಮೇಲೆ ಒಂದು ಕಾರ್ಡು ಬಂತು. ನೂಲಿನ ಮನೆಯಿಂದ ಬಂದು ಕೈ ಒರೆಸಿಕೊಳ್ಳುತ್ತಿದ್ದ ತಾಯಿಗೆ ವೆಂಕಟರವಣಪ್ಪ ಓದಿ ಹೇಳಿದ. ಎಂಬತ್ತೊಂದು. ಬೆಂಗಳೂರಿನ ಪಂದ್ಯಗಳಿಗೆ ಅರ್ಹರು. ಕೆಳಗೆ ದಕ್ಷಿಣಾಮೂರ್ತಿಯವರ ಸಣ್ಣ ಅಕ್ಷರ: ಎರಡನೇ ಅರ್ಧದಲ್ಲಿ ಒಂದು ಕಾರ್ನರ್ ಕಿಕ್ಕನ್ನು ತಪ್ಪಾಗಿ ಕೊಟ್ಟಿದ್ದೀರಿ.

ಆಂಜಿನಮ್ಮನ ಮುಖ ಸಪ್ಪಗಾಯಿತು. "ಮತ್ತೆ ತಪ್ಪಾ? ಅಯ್ಯೋ! ಹೋಗ್ಲಿ ಅಂತ ಬಿಟ್ಟವ್ರಾ?"

"ಇಲ್ಲ ಕಣವ್ವ, ಬಿಟ್ಟಿಲ್ಲ." ಮಗನ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. "ಕಳೆದವ್ರೆ. ಮೂರೇ ಮೂರು."